ಸಂತೆಯಿಂದ ಸಂತೆಗೆ: ಗಡಿಬಿಡಿಯ ವಾರಕ್ಕೆ ಅಡುಗೆಮನೆ ಅಣಿಮಾಡುವ ಬಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗಡಿಬಿಡಿಯ ವಾರ ಒಂದೊಂದು ಕಡೆ ಒಂದೊಂದು ಥರ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲು ಶುರುವಾದರೆ ಮನೆಮಂದಿಯೆಲ್ಲ ಅಂಗಳದಲ್ಲೇ. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಒಲೆ ಮುಂದೆ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ. ಕಾರವಾರದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಶಿಫ್ಟು, ನೌಕಾನೆಲೆಯ ಕೆಲಸ, ಕಚೇರಿ, ಶಾಲೆ. ಕುಮಟಾ, ಅಂಕೋಲಾದಿಂದ ದಿನಾ ಬಸ್ಸು ಹತ್ತಿ ಹೋಗಿಬರುವವರು ಮನೆ ಸೇರುವಾಗ ಕತ್ತಲಾಗಿರುತ್ತದೆ.

ಅಂಥ ವಾರದಲ್ಲಿ ನಾವು ಉಪವಾಸವೇನೂ ಬೀಳುವುದಿಲ್ಲ. ಅನ್ನ ಇರುತ್ತದೆ. ನಿನ್ನೆಯ ಸಾರು, ಒಂದು ಮಿಡಿ ಉಪ್ಪಿನಕಾಯಿ, ಎರಡು ಹಪ್ಪಳ ಇರುತ್ತದೆ. ಹೊಟ್ಟೆ ತುಂಬುತ್ತದೆ. ಆದರೆ ಆ ತಟ್ಟೆಯಲ್ಲಿ ಕಾಳು ಎಲ್ಲಿದೆ? ಸೊಪ್ಪು ಎಲ್ಲಿದೆ? ನಾಲ್ಕು ದಿನ ಹೀಗೇ ಉಂಡರೆ ಹೊಟ್ಟೆಗೆ ಹೋಗಿದ್ದು ಬರೀ ಅನ್ನ, ಉಪ್ಪು, ಎಣ್ಣೆ. ಅದಕ್ಕೇ ನಾನು ಹೇಳುವುದು: ಸಾಮಾನು ತುಂಬಿಸುವಾಗ ಅಕ್ಕಿಯಿಂದ ಶುರು ಮಾಡಬೇಡಿ. ಅಕ್ಕಿ ನಮ್ಮ ಮನೆಗಳಲ್ಲಿ ಖಾಲಿಯಾಗುವುದೇ ಅಪರೂಪ. ಕಾಳು, ತರಕಾರಿ, ಸೊಪ್ಪಿನಿಂದ ಶುರು ಮಾಡಿ. ದಣಿದು ಬಂದ ಸಂಜೆ ಅರ್ಧ ಗಂಟೆಯೊಳಗೆ ಈ ಮೂರೂ ತಟ್ಟೆಗೆ ಬರುವ ಹಾಗಿದ್ದರೆ ಅಡುಗೆಮನೆ ಸಜ್ಜಾಗಿದೆ ಎಂದರ್ಥ.

ಮೊದಲು ಚೀಟಿ ಬರೆಯಿರಿ

ಅಂಗಡಿಗೆ ಹೊರಡುವ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ಬೇಕಾದ ಸಾಮಾನಿನ ಪಟ್ಟಿ ಆಮೇಲೆ. ಮೊದಲು ಬರುವ ವಾರದಲ್ಲಿ ಯಾವ ಸಂಜೆ ಕಷ್ಟ ಎಂದು ಬರೆಯಿರಿ. ಮಂಗಳವಾರ ಮೀಟಿಂಗ್, ಗುರುವಾರ ಮಗಳ ಟ್ಯೂಷನ್, ಶುಕ್ರವಾರ ಯಾರೋ ನೆಂಟರು. ಎಲ್ಲಾ ದಿನವೂ ಕಷ್ಟ ಇರುವುದಿಲ್ಲ. ಸಾಮಾನ್ಯವಾಗಿ ಮೂರೋ ನಾಲ್ಕೋ ಸಂಜೆ ಮಾತ್ರ. ಆ ಸಂಜೆಗಳಿಗೆ ಏನು ಮಾಡುತ್ತೀರಿ ಎಂದು ಪಕ್ಕದಲ್ಲೇ ಬರೆಯಿರಿ. ಹೆಸರುಬೇಳೆ ಕಿಚಡಿ, ಅಲಸಂದೆ ಹುಳಿ, ಗಂಜಿಗೆ ಚಟ್ನಿ ಮತ್ತು ಪಲ್ಯ, ಮೊಟ್ಟೆ ಸಾರು, ಹೀಗೆ.

ಇನ್ನು ಡಬ್ಬಿಗಳನ್ನು ತೆರೆದು ನೋಡಿ. ತುಂಬಾ ಮನೆಗಳಲ್ಲಿ ಹಿಂದಿನ ಸಾಲಿನ ಡಬ್ಬಿಯಲ್ಲಿ ಅರ್ಧ ಕಿಲೋ ಹುರುಳಿ ಸುಮ್ನೆ ಕೂತಿರುತ್ತದೆ. ಹೊಸದು ತರುವ ಮೊದಲು ಅದನ್ನು ಈ ವಾರದ ಚೀಟಿಗೆ ಸೇರಿಸಿ. ಯಾವ ಸಾಮಾನು ಯಾವ ಅಡುಗೆಗೆ ಎಂದು ಗೊತ್ತಿಲ್ಲವೋ ಅದನ್ನು ಕೊಳ್ಳಬೇಡಿ. ಓಟ್ಸ್, ಕಿನೋವಾ, ಆಲಿವ್ ಎಣ್ಣೆ ಅಂತೆಲ್ಲ ದುಬಾರಿ ಪ್ಯಾಕೆಟ್ಟು ತಂದು ಇಟ್ಟರೆ ಆರೋಗ್ಯ ಬರುವುದಿಲ್ಲ. ನಿಮ್ಮ ಮನೆಯವರು ಉಣ್ಣುವುದನ್ನೇ ತನ್ನಿ.

ಕಾಳು, ಬೇಳೆ

ಇದಕ್ಕೆ ಜಾಸ್ತಿ ಗಮನ ಕೊಡಿ. ನಾಲ್ಕು ಜನರ ಮನೆಗೆ, ಮೀನು ಮೊಟ್ಟೆ ತಿನ್ನುವವರಾದರೆ ವಾರಕ್ಕೆ ಸುಮಾರು 1 ಕಿಲೋ, ತಿನ್ನದವರಾದರೆ ಒಂದೂವರೆ ಕಿಲೋ ಕಾಳು–ಬೇಳೆ ಎಲ್ಲ ಸೇರಿ ಬೇಕು. ಇದನ್ನು ನೋಡಿ ಜಾಸ್ತಿಯಾಯಿತು ಅನಿಸಬಹುದು. ನಮ್ಮ ನೀರು ಸಾರಿನಲ್ಲಿ ಬೇಳೆ ಎಷ್ಟು ಕಡಿಮೆ ಇರುತ್ತದೆ ಎಂದು ಯೋಚಿಸಿ. ಹೆಸರುಕಾಳಿನಲ್ಲಿ 100 ಗ್ರಾಂಗೆ ಸುಮಾರು 22ರಿಂದ 24 ಗ್ರಾಂ ಪ್ರೋಟೀನ್ ಇದೆ. ಆದರೆ ಒಂದು ದೊಡ್ಡ ಪಾತ್ರೆ ಸಾರಿಗೆ ಒಂದು ಹಿಡಿ ಬೇಳೆ ಹಾಕಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಎಷ್ಟು?

ಎರಡು ಬಗೆಯ ಕಾಳು ಇಟ್ಟುಕೊಳ್ಳಿ. ನೆನೆಸದೆ ಬೇಯುವುದು ಒಂದು, ನೆನೆಸಬೇಕಾದದ್ದು ಇನ್ನೊಂದು. ಹೆಸರುಬೇಳೆ, ತೊಗರಿಬೇಳೆ, ಮಸೂರ ಬೇಳೆ ಮೊದಲನೆಯ ಗುಂಪು. ಮರೆತು ಹೋದ ದಿನಕ್ಕೆ ಇವು ಆಧಾರ. ಅದರಲ್ಲೂ ಹೆಸರುಬೇಳೆ ಕುಕ್ಕರ್ ಇಲ್ಲದೆಯೂ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಹುರುಳಿ, ಕಡಲೆ, ಅಲಸಂದೆ, ಒಣ ವಟಾಣಿ, ಹೆಸರುಕಾಳು ಎರಡನೆಯ ಗುಂಪು. ಇವುಗಳನ್ನು ಶನಿವಾರ ರಾತ್ರಿ ನೆನೆಹಾಕಿ, ಭಾನುವಾರ ಒಟ್ಟಿಗೇ ಬೇಯಿಸಿಬಿಡಿ. ಉಪ್ಪು ಸ್ವಲ್ಪವೇ ಹಾಕಿ, ಮಸಾಲೆ ಬೇಡ. ಆರಿದ ಮೇಲೆ ಒಂದು ಹೊತ್ತಿಗೆ ಬೇಕಾದಷ್ಟೇ ಹಿಡಿಯುವ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿಡಿ. ತಿಂಗಳವರೆಗೂ ಚೆನ್ನಾಗಿರುತ್ತದೆ. ಬೆಳಿಗ್ಗೆ ಒಂದು ಡಬ್ಬಿ ಕೆಳಗಿನ ಫ್ರಿಜ್ಜಿಗೆ ಇಳಿಸಿ ಹೋದರೆ ಸಂಜೆ ಹೊತ್ತಿಗೆ ತಯಾರು.

ಬೇಯಿಸಿದ ಕಾಳು ಮಸಾಲೆಯಿಲ್ಲದೆ ಇದ್ದರೆ ಬಹಳ ಕಡೆ ಒದಗುತ್ತದೆ. ಅದೇ ಕಡಲೆ ಒಂದು ದಿನ ಸುವರ್ಣಗಡ್ಡೆ ಜೊತೆ ಹುಳಿಗೆ ಹೋಗುತ್ತದೆ. ಇನ್ನೊಂದು ದಿನ ಸಾಸಿವೆ–ಒಣಮೆಣಸಿನ ಒಗ್ಗರಣೆ, ಮೇಲೊಂದಿಷ್ಟು ಕಾಯಿತುರಿ ಬಿದ್ದು ಉಸಳಿಯಾಗುತ್ತದೆ. ಮಸಾಲೆ ಹಾಕಿಟ್ಟರೆ ಈ ಅನುಕೂಲ ಹೋಯಿತು.

ಮೊಳಕೆ ಬರಿಸುವವರಿಗೆ ಒಂದು ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಕಾಳು ಕಟ್ಟಿದ ಬಟ್ಟೆಯೂ ಅಷ್ಟೆ. ದಿನಕ್ಕೆ ಎರಡು ಸಲ ತೊಳೆಯದಿದ್ದರೆ ಲೋಳೆ ಬಂದು ವಾಸನೆ ಹೊಡೆಯುತ್ತದೆ. ಆ ತಿಂಗಳುಗಳಲ್ಲಿ ಮೊಳಕೆಯನ್ನು ಹಸಿಯಾಗಿ ತಿನ್ನಬೇಡಿ. ಹಬೆಯಲ್ಲಿ ಬೇಯಿಸಿಯೇ ತಿನ್ನಿ.

ಸೊಪ್ಪು, ತರಕಾರಿ: ಯಾವುದು ಮೊದಲು, ಯಾವುದು ಕೊನೆಗೆ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ ಬೇಕು ಎನ್ನುತ್ತದೆ. ಬಟಾಟೆ, ಗೆಣಸಿನಂಥ ಪಿಷ್ಟದ ಗೆಡ್ಡೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ನಾಲ್ಕು ಜನರಿಗೆ ವಾರಕ್ಕೆ ಗುಣಿಸಿ ನೋಡಿ, 11 ಕಿಲೋ ದಾಟುತ್ತದೆ. ಸಂತೆಯಿಂದ ತರುವ ಒಂದು ಚೀಲ ಸಾಲುವುದಿಲ್ಲ ಎಂದು ಆಗ ಗೊತ್ತಾಗುತ್ತದೆ.

ಕಾರವಾರಕ್ಕೆ ಭಾನುವಾರದ ಸಂತೆ, ಶಿರಸಿಗೆ ಮಂಗಳವಾರದ ಸಂತೆ. ಸಂತೆಯ ದಿನವನ್ನೇ ನಿಮ್ಮ ವಾರದ ಮೊದಲ ದಿನ ಎಂದಿಟ್ಟುಕೊಳ್ಳಿ. ಶಿರಸಿಯವರು ಬೇರೆಯವರ ಹಾಗೆ ಭಾನುವಾರವೇ ಎಲ್ಲಾ ತರಬೇಕೆಂದಿಲ್ಲ. ಮಂಗಳವಾರ ತಾಜಾ ಸಿಗುವಾಗ ತಂದು ಬುಧವಾರ, ಗುರುವಾರ ಸೊಪ್ಪು ಉಣ್ಣಲಿ. ಅಂಕೋಲಾ, ಕುಮಟಾ, ಕಾರವಾರದ ಪೇಟೆಗಳಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ತರುವ ಹರಿವೆ, ಬಸಳೆ, ಬೆಂಡೆ, ಹೀರೆ ಸಿಕ್ಕರೆ ಬಿಡಬೇಡಿ. ಅವು ಹತ್ತಿರದ ಗದ್ದೆಯವು, ಲಾರಿಯಲ್ಲಿ ಎರಡು ದಿನ ಬಾಡಿ ಬಂದದ್ದಲ್ಲ. ಅವರ ಹತ್ತಿರ ಚೌಕಾಸಿ ಮಾಡದೆ ಕೊಟ್ಟು ಬನ್ನಿ, ಅವರ ದುಡಿಮೆಗೆ ಆ ಬೆಲೆ ಏನೂ ಹೆಚ್ಚಲ್ಲ.

ತಂದದ್ದನ್ನು ಬಾಳಿಕೆಯ ಪ್ರಕಾರ ಉಣ್ಣಬೇಕು. ಮೊದಲೆರಡು ದಿನ ಹರಿವೆ, ಪಾಲಕ, ಮೆಂತೆಸೊಪ್ಪು. ಮೂರು–ನಾಲ್ಕನೆಯ ದಿನ ಬೆಂಡೆ, ಹೀರೆ, ತೊಂಡೆ, ಬದನೆ. ಅದರ ಮೇಲೆ ಕ್ಯಾಬೀಜು, ಗಜ್ಜರಿ, ಬೀಟ್‌ರೂಟು, ಬಾಳೆಕಾಯಿ. ವಾರದ ತುದಿಗೆ ಮೊಗೆಕಾಯಿ (ಮಂಗಳೂರು ಸೌತೆ), ಸಿಹಿಗುಂಬಳ, ಬೂದುಗುಂಬಳ. ಈ ಕೊನೆಯವು ನಿಜಕ್ಕೂ ನಮ್ಮ ಕಡೆಯ ಆಸ್ತಿ. ಹಳೆ ಮನೆಗಳಲ್ಲಿ ಬಲಿತ ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡಿಯಲ್ಲಿ ಇಳಿಬಿಡುತ್ತಿದ್ದರು. ಗಾಳಿ ಸುತ್ತಲೂ ಆಡುತ್ತದೆ, ನೆಲದ ತೇವ ತಾಗುವುದಿಲ್ಲ, ತಿಂಗಳುಗಟ್ಟಲೆ ಕೆಡುವುದಿಲ್ಲ. ಈಗಿನ ಕಾಂಕ್ರೀಟ್ ಮನೆಯಲ್ಲೂ ಕಿಟಕಿ ಸರಳಿಗೆ ಅಥವಾ ಒಂದು ಕೊಕ್ಕೆಗೆ ಕಟ್ಟಬಹುದು. ಫ್ರಿಜ್ಜಿನಲ್ಲಿ ಜಾಗವೂ ಉಳಿಯಿತು. ಬೇಸಿಗೆಯಲ್ಲಿ ಹೆದ್ದಾರಿ ಬದಿ ಸಿಗುವ ಕುಮಟಾದ ಸಿಹಿ ಈರುಳ್ಳಿಯನ್ನೂ ಅದರ ಜಡೆ ಬಿಚ್ಚದೆ ಹಾಗೇ ನೇತುಹಾಕಿ. ಗೋಣಿಯಲ್ಲಿ ತುಂಬಿಟ್ಟರೆ ಬೆವರಿ ಕೊಳೆಯುತ್ತದೆ.

ಸೊಪ್ಪನ್ನು ತಂದ ಕೂಡಲೇ ತೊಳೆಯಬೇಡಿ. ಬೇರು ಕತ್ತರಿಸಿ, ಹಳದಿ ಎಲೆ ತೆಗೆದು, ಒಣ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಬೇಯಿಸುವ ಹೊತ್ತಿಗೆ ತೊಳೆದರಾಯಿತು. ಬೀನ್ಸ್, ಗಜ್ಜರಿ, ಕ್ಯಾಬೀಜು ಮುಂಚೆಯೇ ಹೆಚ್ಚಿಡಬಹುದು, ಎರಡು ದಿನದೊಳಗೆ ಮುಗಿಸಿ. ಬದನೆ, ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದೆ, ಅದು ಬೇಡ.

ಹಿತ್ತಲಿದ್ದವರಿಗೆ ಇನ್ನೂ ಸುಲಭ. ಬಸಳೆ ಚಪ್ಪರ, ನುಗ್ಗೆ, ಕರಿಬೇವು, ಒಂದು ಪಪ್ಪಾಯಿ ಗಿಡ ಇದ್ದರೆ ಸಂತೆ ತಪ್ಪಿದ ವಾರವೂ ಸೊಪ್ಪು ತಪ್ಪುವುದಿಲ್ಲ. ಬರೀ ಬಾಲ್ಕನಿ ಇರುವವರು ಎರಡು ಕುಂಡ ಇಡಿ. ಒಂದರಲ್ಲಿ ಒಂದೆಲಗ, ಇನ್ನೊಂದರಲ್ಲಿ ಸಾಂಬಾರಸೊಪ್ಪು, ಅಂದರೆ ದೊಡ್ಡಪತ್ರೆ. ಒಂದೆಲಗಕ್ಕೆ ನೆರಳು ಮತ್ತು ತೇವ ಬೇಕು, ದೊಡ್ಡಪತ್ರೆಗೆ ನೀರು ಕಡಿಮೆ ಸಾಕು. ಈ ಎರಡು ಕುಂಡ ಯಾಕೆ ಎಂದು ಈಗ ಹೇಳುತ್ತೇನೆ.

ತಂಬುಳಿಯ ಸಾಮಾನು

ಗಡಿಬಿಡಿಯ ದಿನಕ್ಕೆ ತಂಬುಳಿಯಷ್ಟು ಒಳ್ಳೆಯ ಅಡುಗೆ ನನಗೆ ಬೇರೆ ಗೊತ್ತಿಲ್ಲ. ಹತ್ತು ನಿಮಿಷ ಸಾಕು. ಕುದಿಸುವ ಕೆಲಸ ಇಲ್ಲ. ಮಜ್ಜಿಗೆ, ಸೊಪ್ಪು, ಜೀರಿಗೆ, ಸ್ವಲ್ಪ ಕಾಯಿ, ಎಲ್ಲಾ ಒಂದೇ ಪಾತ್ರೆಯಲ್ಲಿ. ಘಟ್ಟದ ಮೇಲಿನ ಹವ್ಯಕರ ಮನೆಗಳಲ್ಲಿ ಊಟ ತಂಬುಳಿಯಿಂದಲೇ ಶುರು. ಆದರೂ ಪೇಟೆಗೆ ಬಂದವರು ಇದನ್ನೇ ಮೊದಲು ಬಿಡುತ್ತಾರೆ, ನೋಡಿ. ಸೊಪ್ಪು ಕಿತ್ತು ತರಲು ಹಿತ್ತಲಿಲ್ಲ ಎನ್ನುವುದು ಕಾರಣ. ಕುಂಡ ಇದ್ದರೆ ಆ ಕಾರಣ ಹೋಯಿತು.

ಮಾಡುವುದು ಹೀಗೆ. ಅರ್ಧ ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿಯಿರಿ. ಒಂದು ಹಿಡಿ ದೊಡ್ಡಪತ್ರೆ ಎಲೆ ಹಾಕಿ ಬಾಡಿಸಿ. ಆರಿದ ಮೇಲೆ ಎರಡು ಮೂರು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ. ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ. ಬೇಕಾದರೆ ಸಾಸಿವೆ ಒಗ್ಗರಣೆ. ಒಂದೆಲಗವಾದರೆ ಹುರಿಯದೆ ಹಸಿಯಾಗಿಯೇ ಬೀಸುವವರೂ ಇದ್ದಾರೆ, ಚೆನ್ನಾಗಿ ತೊಳೆದಿರಬೇಕು ಅಷ್ಟೆ.

ವಾರಕ್ಕೆ ಮುಂಚೆಯೇ ತಯಾರಿ ಬೇಕೆಂದರೆ ಹುರಿದ ಸೊಪ್ಪು–ಜೀರಿಗೆ–ಮೆಣಸನ್ನು ಕಾಯಿ ಹಾಕದೆ ಬೀಸಿ ಐಸ್ ಟ್ರೇಯಲ್ಲಿ ತುಂಬಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ತೆಗೆದು ಡಬ್ಬಿಗೆ ಹಾಕಿ. ಎರಡು ತುಂಡು ಮಜ್ಜಿಗೆಗೆ ಬಿದ್ದರೆ ತಂಬುಳಿ ಬಂತು. ಸೊಪ್ಪೇ ಇಲ್ಲದ ದಿನಕ್ಕೆ ಒಣ ಸಾಮಾನು ಇಟ್ಟುಕೊಳ್ಳಿ. ಮೆಂತೆ ಕಾಳು, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ, ಒಣಗಿಸಿದ ದಾಳಿಂಬೆ ಸಿಪ್ಪೆ. ಮೂರರಿಂದಲೂ ತಂಬುಳಿಯಾಗುತ್ತದೆ. ಮಾಡಿದ ತಂಬುಳಿಯನ್ನು ಮಾತ್ರ ಅದೇ ಹೊತ್ತು ಉಂಡು ಮುಗಿಸಿ.

ಹುಳಿಯ ಡಬ್ಬಿಯೂ ಇದರ ಪಕ್ಕದಲ್ಲೇ ಇರಲಿ. ಏಪ್ರಿಲ್–ಮೇ ತಿಂಗಳಲ್ಲಿ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ, ವಾಟೆಹುಳಿ, ಹುಣಸೆ. ಮುರುಗಲು ಸಿಪ್ಪೆ ನಾಲ್ಕೈದನ್ನು ಬಿಸಿನೀರಲ್ಲಿ ನೆನೆಸಿ ಹಿಂಡಿ, ಉಪ್ಪು, ಚೂರು ಬೆಲ್ಲ, ಹಸಿಮೆಣಸು ಹಾಕಿ ಕುದಿಸಿ ಜೀರಿಗೆ ಒಗ್ಗರಣೆ ಕೊಟ್ಟರೆ ಬೇಳೆಯಿಲ್ಲದ ಸಾರು ಸಿದ್ಧ. ಕಾರವಾರದವರು ಅದಕ್ಕೇ ತೆಂಗಿನ ಹಾಲು ಸೇರಿಸಿ ಸೋಲ್ ಕಡಿ ಮಾಡುತ್ತಾರೆ. ಆದರೆ ನೆನಪಿಡಿ, ಇದರಲ್ಲಿ ಕಾಳಿಲ್ಲ. ಆ ದಿನ ಜೊತೆಗೆ ಒಂದು ಉಸಳಿ ಬೇಕು. ಸೊಪ್ಪಿನ ಪಲ್ಯದ ಮೇಲೆ ಲಿಂಬೆ ಹಿಂಡುವುದೂ ಒಳ್ಳೆಯದು. ಅದರ ಸಿ ವಿಟಮಿನ್ ಸೊಪ್ಪು–ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಅದಕ್ಕೆ ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಅಕ್ಕಿ, ಅವಲಕ್ಕಿ, ರಾಗಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಅಕ್ಕಿ, ಗೋಧಿ, ಸಿರಿಧಾನ್ಯದ ಪಾಲು ಶೇ. 45 ಮೀರಬಾರದು. ನಮ್ಮ ತಟ್ಟೆಯಲ್ಲಿ ಅದು ಸುಲಭವಾಗಿ ಮೀರುತ್ತದೆ. ಅನ್ನ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಇಲ್ಲಿ ಯಾರೂ ಕೇಳುವುದಿಲ್ಲ. ಅನ್ನದ ಸೌಟು ಒಂದು ಕಡಿಮೆ, ಪಲ್ಯದ ಸೌಟು ಒಂದು ಜಾಸ್ತಿ, ಅಷ್ಟು ಮಾಡಿ.

ಕುಚ್ಚಲಕ್ಕಿ ಇಡಿ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಬಿ ವಿಟಮಿನ್ ಒಂದಿಷ್ಟು ಕಾಳಿನ ಒಳಗೆ ಇಳಿಯುತ್ತದೆ. ಹಾಗಾಗಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಇದು ಮೇಲು. ಬೇಯಲು ಹೊತ್ತು ಹಿಡಿಯುತ್ತದೆ ಎನ್ನುವವರು ಬೆಳಿಗ್ಗೆಯೇ ತೊಳೆದು ನೆನೆಹಾಕಿ ಹೋಗಿ. ಮಳೆಗಾಲದ ಸಂಜೆ ಗಂಜಿ, ಒಂದು ಕಾಳಿನ ಉಸಳಿ, ಹುರುಳಿ ಚಟ್ನಿ ಇದ್ದರೆ ಅದಕ್ಕಿಂತ ಒಳ್ಳೆಯ ಊಟ ಬೇಕಾ?

ಕೆಂಪು ಅವಲಕ್ಕಿ ಅರ್ಧ ಕಿಲೋ, ರಾಗಿ ಹಿಟ್ಟು ಒಂದು ಕಿಲೋ, ಗೋಧಿ ನುಚ್ಚು ಅರ್ಧ ಕಿಲೋ. ಬೆಳಗಿನ ತಿಂಡಿಗೆ ಇವು. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಬೆಳಿಗ್ಗೆ ಅಂಬಲಿ ಕುಡಿದು ಹೊರಟರೆ ಹನ್ನೊಂದು ಗಂಟೆಗೆ ಬೇಕರಿ ಕಡೆ ಕಾಲು ಹೋಗುವುದಿಲ್ಲ. ತೆಳ್ಳೇವಿಗೆ, ಅಂದರೆ ತೆಳು ದೋಸೆಗೆ, ಹಿಟ್ಟು ಬೀಸುವಾಗ ಒಂದು ತುಂಡು ಮೊಗೆಕಾಯಿ ಅಥವಾ ಸೌತೆ ಸೇರಿಸಿದರೆ ಬೆಳಿಗ್ಗೆಯೇ ತರಕಾರಿ ಒಂದು ಪಾಲು ಒಳಗೆ ಹೋಯಿತು.

ಮೀನು, ಮೊಟ್ಟೆ, ಮೊಸರು

ಕರಾವಳಿಯವರಿಗೆ ಮೀನೇ ಕಾಳಿನ ಜಾಗ ತುಂಬುತ್ತದೆ. ಬಂಗುಡೆ, ತಾರ್ಲಿ (ಬೂತಾಯಿ) ಥರದ ಅಗ್ಗದ ಮೀನಿನಲ್ಲೇ ಹೃದಯಕ್ಕೆ ಒಳ್ಳೆಯ ಒಮೆಗಾ–3 ಕೊಬ್ಬು ಚೆನ್ನಾಗಿದೆ. ದುಬಾರಿ ಇಸ್ವಣಕ್ಕೇ (ಅಂಜಲ್ ಮೀನಿಗೇ) ಕಾಯಬೇಕಿಲ್ಲ.

ಮೀನು ಕೊಂಡ ಮೇಲೆ ಪೇಟೆಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಬಂಗುಡೆ, ತಾರ್ಲಿ, ಗೆದರೆಯಂಥ ಮೀನು ಬಿಸಿಲಲ್ಲಿ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು, ವಾಂತಿ ಬರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ. ಮಂಜುಗಡ್ಡೆ ಕೇಳಿ ಹಾಕಿಸಿಕೊಳ್ಳಿ. ಮನೆಗೆ ಬಂದ ಕೂಡಲೇ ಸ್ವಚ್ಛ ಮಾಡಿ, ಅರಿಶಿನ ಸವರಿ, ಒಂದು ಹೊತ್ತಿಗೆ ಬೇಕಾದಷ್ಟನ್ನು ಚಪ್ಪಟೆಯಾಗಿ ಹರಡಿ ಫ್ರೀಜರಿನಲ್ಲಿಡಿ. ಫ್ರಿಜ್ಜಿನ ಕೆಳಭಾಗದಲ್ಲಾದರೆ ಒಂದು, ಹೆಚ್ಚೆಂದರೆ ಎರಡು ದಿನ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳಿಗೆ ನಮ್ಮಲ್ಲಿ ಒಣ ಶೆಟ್ಲಿ (ಸೀಗಡಿ), ಒಣ ಬಂಗುಡೆ ತೆಗೆದಿಡುವುದು ರೂಢಿ. ಪ್ರೋಟೀನ್ ಮಟ್ಟಿಗೆ ಒಳ್ಳೆಯ ದಾಸ್ತಾನು. ಉಪ್ಪಿನ ಮಟ್ಟಿಗೆ ಅಲ್ಲ. ಒಣ ಬಂಗುಡೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು ಆಮೇಲೆ ಸಾರಿಗೆ ಹಾಕಿ. ಸಾರಿಗೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ. ಒಣ ಶೆಟ್ಲಿಯ ಚಟ್ನಿ ಒಂದು ಚಮಚ ಸಾಕು, ಊಟಕ್ಕೆ ರುಚಿ ಬರುತ್ತದೆ.

ಮೊಟ್ಟೆ ವಾರಕ್ಕೊಂದು ಟ್ರೇ ತಂದಿಟ್ಟರೆ ಮಕ್ಕಳಿರುವ ಮನೆಗೆ ದೊಡ್ಡ ಉಪಕಾರ. ಮೀನು–ಮೊಟ್ಟೆ ತಿನ್ನದ ಮನೆಗೆ ಮೊಸರು, ನೆಲಗಡಲೆ, ಎಳ್ಳು. ಎಳ್ಳು ಹುರಿದು ಪುಡಿ ಮಾಡಿಟ್ಟರೆ ಪಲ್ಯದ ಮೇಲೆ, ಚಟ್ನಿಗೆ, ಸಾಸಿವೆ ಎಂಬ ಮೊಸರಿನ ಅಡುಗೆಗೆ, ಎಲ್ಲದಕ್ಕೂ ಬರುತ್ತದೆ.

ಕಾಯಿ, ಎಣ್ಣೆ, ಉಪ್ಪು, ಬೆಲ್ಲ

ಕಾಯಿಯಿಲ್ಲದ ಅಡುಗೆ ನಮಗೆ ಅಡುಗೆಯೇ ಅಲ್ಲ, ಅಲ್ವಾ? ಬಿಡುವಿದ್ದಾಗ ನಾಲ್ಕು ಕಾಯಿ ತುರಿದು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿಡಿ. ಸಂಜೆಯ ಗಡಿಬಿಡಿಯಲ್ಲಿ ದೊಡ್ಡ ಕೆಲಸವೆಂದರೆ ಕಾಯಿ ಒಡೆದು ತುರಿಯುವುದೇ. ಅದು ಮುಗಿದರೆ ಅರ್ಧ ಅಡುಗೆ ಮುಗಿದ ಹಾಗೆ. ಆದರೆ ತೆಂಗಿನ ಕೊಬ್ಬಿನಲ್ಲಿ ಹೆಚ್ಚಿನದು ಸ್ಯಾಚುರೇಟೆಡ್ ಕೊಬ್ಬು. ಹುಳಿಗೂ ಕಾಯಿ, ಪಲ್ಯಕ್ಕೂ ಕಾಯಿ, ಚಟ್ನಿಗೂ ಕಾಯಿ ಆಗುವ ದಿನ ಒಂದರಲ್ಲಿ ಬಿಡಿ.

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದೊಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಲೆಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ), ಒಣಮೀನು ಎಲ್ಲಾ ಸೇರಿದೆ. ಮಿಡಿ ಉಪ್ಪಿನಕಾಯಿ ಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಅರ್ಧ ಮಿಡಿ ಹಾಕಿಕೊಳ್ಳಿ, ಆ ದಿನ ಹಪ್ಪಳ ಬೇಡ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ಉಪ್ಪಿನಕಾಯಿಗೆ ಸರಿ. ದಿನದ ಅಡುಗೆಗೆ ಅಯೋಡಿನ್ ಸೇರಿದ ಉಪ್ಪೇ ಇರಲಿ, ಮತ್ತು ಅದನ್ನು ಅಡುಗೆಯ ಕೊನೆಗೆ ಹಾಕಿ. ಜೋನಿಬೆಲ್ಲ, ಅಂದರೆ ನೀರುಬೆಲ್ಲ, ರುಚಿ, ಆದರೆ ಸಕ್ಕರೆಯೇ. ಸಕ್ಕರೆ ಕಾಯಿಲೆ ಇದ್ದವರಿಗೆ ಅದರಲ್ಲಿ ರಿಯಾಯಿತಿ ಇಲ್ಲ.

ತೇವದಿಂದ ಕಾಪಾಡುವುದು

ಇದು ನಮ್ಮ ಕಡೆಯವರಿಗೇ ಹೇಳಬೇಕಾದ ಮಾತು. ಬಯಲುಸೀಮೆಯಲ್ಲಿ ವರ್ಷಕ್ಕಾಗುವಷ್ಟು ಸಾಮಾನು ತುಂಬಬಹುದು. ಇಲ್ಲಿ ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ. ಹಾಗಾಗಿ ಮೇ ತಿಂಗಳ ಬಿಸಿಲಿನಲ್ಲೇ ಕಾಳುಗಳನ್ನು ಒಂದು ದಿನ ಒಣಗಿಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ನೀರು ಒಡೆಯುತ್ತದೆ. ತೊಗರಿಬೇಳೆಗೆ ಒಂದು ಹನಿ ಹರಳೆಣ್ಣೆ ಕೈಗೆ ಸವರಿಕೊಂಡು ತಿಕ್ಕುವ ಹಳೆ ಕ್ರಮ ಈಗಲೂ ಒಳ್ಳೆಯದೇ, ಹುಳ ಬರುವುದು ಕಡಿಮೆ. ತೊಳೆದು ಬೇಯಿಸಿದರೆ ರುಚಿಗೆ ತೊಂದರೆ ಇಲ್ಲ. ರವೆ ಹುರಿದೇ ಇಡಿ. ಹಳೆ ಕಾಳಿನ ಮೇಲೆ ಹೊಸದು ಸುರಿಯಬೇಡಿ. ಒದ್ದೆ ಚಮಚ ಯಾವ ಡಬ್ಬಿಗೂ ಬೇಡ.

ನೆಲಗಡಲೆ, ಒಣ ಕೊಬ್ಬರಿಗೆ ಬೂಸಲು ಬಂದರೆ ಕೆರೆದು, ಹುರಿದು ತಿನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಬೂಸಲಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಕೆಟ್ಟದ್ದು. ಮನೆಯ ಒಲೆಯ ಬಿಸಿಗೆ ಅದು ಹೋಗುವುದಿಲ್ಲ. ಪೂರ್ತಿ ಎಸೆಯಿರಿ, ದನಕ್ಕೂ ಹಾಕಬೇಡಿ. ಮಳೆಗಾಲದಲ್ಲಿ ಇವೆರಡನ್ನು ಕಾಲು ಕಿಲೋ ಲೆಕ್ಕದಲ್ಲೇ ತನ್ನಿ.

ರಜೆಯ ದಿನದ ಎರಡು ಗಂಟೆ

ಮೊದಲು ಕುಕ್ಕರಿನಲ್ಲಿ ನೆನೆದ ಕಾಳು ಇಡಿ. ಅದು ಕೂಗುವಷ್ಟರಲ್ಲಿ ಕಾಯಿ ತುರಿಯುವುದು, ಸೊಪ್ಪು ಸೋಸುವುದು ಆಗುತ್ತದೆ. ಎರಡನೆಯ ಸಲ ಕುಕ್ಕರಿಗೆ ತೊಗರಿಬೇಳೆ. ಪಕ್ಕದ ಒಲೆಯಲ್ಲಿ ತಂಬುಳಿಯ ಸೊಪ್ಪು ಹುರಿಯಿರಿ. ಅದೇ ಬಾಣಲೆಯಲ್ಲಿ ಹುಳಿಗೆ ಬೇಕಾದ ಕೊತ್ತಂಬರಿ, ಉದ್ದಿನಬೇಳೆ, ಮೆಂತೆ, ಬ್ಯಾಡಗಿ ಮೆಣಸು ಹುರಿದು ಪುಡಿ ಮಾಡಿ. ಕೊನೆಗೆ ದೋಸೆ ಹಿಟ್ಟು ಬೀಸಿದರೆ ಮಿಕ್ಸಿ ಒಂದೇ ಸಲ ತೊಳೆದರಾಯಿತು.

ಒಂದು ವಿಷಯ ಗಮನಿಸಿ. ಕಾಯಿ ಬೀಸಿ ಹಾಕಿದ ಹುಳಿ ಬೇಗ ಹಳಸುತ್ತದೆ. ಬೆಂದ ಬೇಳೆಯನ್ನು ಬೇರೆ, ಕಾಯಿಯನ್ನು ಬೇರೆ ಇಟ್ಟು ಆ ದಿನವೇ ಕೂಡಿಸಿ. ಬೆಂದದ್ದು ಯಾವುದೇ ಆಗಲಿ ಎರಡು ಗಂಟೆಯೊಳಗೆ ಫ್ರಿಜ್ಜು ಸೇರಬೇಕು, ಫ್ರೀಜರಿನಲ್ಲಿಟ್ಟದ್ದು ಬಿಟ್ಟು ಉಳಿದದ್ದು ಮೂರು ದಿನದೊಳಗೆ ಮುಗಿಯಬೇಕು. ಅನ್ನವನ್ನು ಇನ್ನೂ ಬೇಗ ಆರಿಸಿ ಇಡಿ. ಸೆಕೆಯಲ್ಲಿ ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಕರೆಂಟು ಹೋದರೆ? ಗಾಳಿ–ಮಳೆಗೆ ಇಲ್ಲಿ ಅದು ಮಾಮೂಲು. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಖಾಲಿ ಜಾಗಕ್ಕೆ ನೀರು ತುಂಬಿದ ಬಾಟಲಿ ಇಟ್ಟರೆ ತಂಪು ಇನ್ನೂ ಉಳಿಯುತ್ತದೆ, ಬಾಟಲಿಯ ಬಾಯಿಯವರೆಗೆ ತುಂಬಬೇಡಿ. ಎರಡು ಮೂರು ದಿನ ಕರೆಂಟು ಬರದ ಹಳ್ಳಿಗಳವರು ಮಳೆಗಾಲದಲ್ಲಿ ಫ್ರೀಜರನ್ನು ನೆಚ್ಚಬೇಡಿ. ಒಣ ಕಾಳು, ಮೊಗೆಕಾಯಿ, ಮುರುಗಲು, ಹಿತ್ತಲ ಬಸಳೆಯ ಮೇಲೇ ವಾರವನ್ನು ಕಟ್ಟಿ.

ಒಂದು ವಾರ ಹೀಗಿರಬಹುದು

ಭಾನುವಾರ ಸಂತೆ ಮಾಡಿದ ಮನೆ ಎಂದುಕೊಳ್ಳೋಣ. ಸೋಮವಾರ ಹರಿವೆ ಪಲ್ಯ, ತೊಗರಿಬೇಳೆ ಸಾರು. ಮಂಗಳವಾರ ತಡವಾಗಿ ಬರುವ ದಿನ, ಹೆಸರುಬೇಳೆ ಕಿಚಡಿಗೇ ಗಜ್ಜರಿ, ಬೀನ್ಸ್ ಹಾಕಿ, ಪಕ್ಕಕ್ಕೆ ತಂಬುಳಿ. ಬುಧವಾರ ಅಲಸಂದೆ–ಬದನೆ ಹುಳಿ. ಗುರುವಾರ ಫ್ರೀಜರಿನ ಬಂಗುಡೆ ಸಾರು, ಬೆಂಡೆ ಪಲ್ಯ. ಮೀನಿಲ್ಲದ ಮನೆಯಲ್ಲಿ ಕಡಲೆ ಉಸಳಿ, ಮುರುಗಲು ಸಾರು. ಶುಕ್ರವಾರ ಗಂಜಿ, ಹೆಸರುಕಾಳು, ಕ್ಯಾಬೀಜು ಪಲ್ಯ. ಶನಿವಾರ ಮೊಗೆಕಾಯಿ ಹುಳಿ, ಉಳಿದ ತರಕಾರಿಯೆಲ್ಲ ಅದಕ್ಕೇ. ಆ ರಾತ್ರಿ ಮತ್ತೆ ಕಾಳು ನೆನೆಹಾಕುವುದು.

ಸಂಜೆ ನಾಲ್ಕೂವರೆಯ ಹಸಿವಿಗೂ ಜಾಗ ಕೊಡಿ. ಶಾಲೆಯಿಂದ ಬಂದ ಮಕ್ಕಳು ಕಣ್ಣಿಗೆ ಮೊದಲು ಬಿದ್ದದ್ದನ್ನು ತಿನ್ನುತ್ತಾರೆ. ಬಾಳೆಹಣ್ಣು, ಪೇರಲೆ, ಚಿಕ್ಕು, ಮೇ ತಿಂಗಳಾದರೆ ಇಶಾಡ ಮಾವು ಮೇಜಿನ ಮೇಲಿರಲಿ. ಹುರಿಗಡಲೆ, ಹುರಿದ ನೆಲಗಡಲೆ ಕೈಗೆ ಸಿಗುವ ಡಬ್ಬಿಯಲ್ಲಿರಲಿ. ಬಿಸ್ಕೀಟು, ಚಿಪ್ಸ್ ಮನೆಗೇ ಬಾರದಿದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಡಬ್ಬಿಗಳ ಮೇಲೆ ಕಾಗದ ಅಂಟಿಸಿ ಏನು, ಯಾವ ದಿನದ್ದು ಎಂದು ಬರೆಯಿರಿ. ವಾರದ ಚೀಟಿಯನ್ನು ಕಪಾಟಿನ ಬಾಗಿಲಿಗೆ ಅಂಟಿಸಿ. ಆಗ ಆಯಿ ಅಥವಾ ಅಮ್ಮ ಬಂದೇ ಅಡುಗೆಯಾಗಬೇಕು ಎಂದಿಲ್ಲ. ಮೊದಲು ಮನೆ ಸೇರಿದವರು, ಅಪ್ಪನೋ ಮಗನೋ, ಚೀಟಿ ನೋಡಿ ಕಾಳಿನ ಡಬ್ಬಿ ತೆಗೆದು ಕುಕ್ಕರ್ ಇಡಬಹುದು. ಮನೆಯಲ್ಲಿ ಕಿಡ್ನಿ ತೊಂದರೆ ಇದ್ದವರಿದ್ದರೆ ಕಾಳು, ಸೊಪ್ಪು, ಎಳನೀರಿನ ಪ್ರಮಾಣವನ್ನು ಅವರ ಡಾಕ್ಟರ ಹತ್ತಿರ ಕೇಳಿ, ಆ ಲೆಕ್ಕವನ್ನೂ ಅದೇ ಚೀಟಿಯ ಕೆಳಗೆ ಬರೆದಿಡಿ.